ಬಾವ ಬರೆದ ಒಂಬತ್ತು

ಆ ಹಾಳೆ ಇನ್ನೂ ನನ್ನ ಬೀರುವಿನಲ್ಲಿದೆ. ಹೈಸ್ಕೂಲು ಮಕ್ಕಳಿಗೆ ಕಿರುಪರೀಕ್ಷೆ ಬರೆಯಲು ಕೊಡುವ ಗೀಟು ಹಾಳೆ. ಮೇಲ್ಗಡೆ ‘22-4-2024ರಿಂದ 28-4-2024’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಕೆಳಗೆ ಒಂಬತ್ತು ಸಾಲು. ಒಂದೊಂದು ಸಾಲಿಗೆ ಒಂದು ಐಪಿಎಲ್ ಪಂದ್ಯ, ಅದರ ಮುಂದೆ ಗೆಲ್ಲುತ್ತದೆ ಎಂದು ನಾನು ಊಹಿಸಿದ ತಂಡ, ಅದರ ಮುಂದೆ ಒಂದರಿಂದ ಒಂಬತ್ತರೊಳಗಿನ ಒಂದು ಅಂಕಿ. ನಾಲ್ಕನೆಯ ಸಾಲು ಹೀಗಿದೆ: ‘ಗುರುವಾರ, ಹೈದರಾಬಾದ್–ಬೆಂಗಳೂರು. ಹೈದರಾಬಾದ್. 9.’ ಆ ಒಂಬತ್ತನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದೇನೆ. ಆಗ ಅಷ್ಟು ಧೈರ್ಯವಿತ್ತು.

ಈ ಆಟ ನಮ್ಮ ಕೊಳ್ಳೇಗಾಲದ್ದಲ್ಲ, ಅಮೆರಿಕದಿಂದ ಬಂದದ್ದು. ತಂದವನು ನಮ್ಮ ದೊಡ್ಡಮ್ಮನ ಮಗ, ನ್ಯೂಜೆರ್ಸಿಯಲ್ಲಿರುವ ಅಣ್ಣ. 2024ರ ಜನವರಿಯಲ್ಲಿ ಮದುವೆಯೊಂದಕ್ಕೆ ಊರಿಗೆ ಬಂದಿದ್ದ. ಒಂದು ರಾತ್ರಿ ಒಂದೂವರೆ ಗಂಟೆಗೆ ಎಚ್ಚರವಾಗಿ ನೋಡಿದರೆ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದಾನೆ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಿಂಬು ಕಟ್ಟಿಕೊಂಡ ಆನೆಯಂಥ ಆಳುಗಳು ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಫುಟ್‌ಬಾಲಂತೆ. ಕಾಲಿಗೆ ಕೆಲಸವಿಲ್ಲದ ಫುಟ್‌ಬಾಲು ಯಾವುದಪ್ಪಾ ಎಂದು ಪಕ್ಕದಲ್ಲಿ ಕೂತೆ. ಬಾಲ್ಟಿಮೋರ್ ರೇವನ್ಸ್ ಮತ್ತು ಕನ್ಸಾಸ್ ಸಿಟಿ ಚೀಫ್ಸ್ ನಡುವಿನ ಪಂದ್ಯ. ರೇವನ್ಸ್ ಆ ವರ್ಷ 17ರಲ್ಲಿ 13 ಗೆದ್ದು ಎಲ್ಲರಿಗಿಂತ ಮೇಲಿದ್ದ ತಂಡ, ಅದೂ ತನ್ನೂರಿನಲ್ಲೇ ಆಡುತ್ತಿತ್ತು. ಅಣ್ಣ ತನ್ನ ಆಫೀಸಿನ ಊಹೆಯಾಟದಲ್ಲಿ ಅತಿ ಹೆಚ್ಚಿನ ಅಂಕ ಅದರ ಮೇಲೇ ಇಟ್ಟಿದ್ದ.

ಅಲ್ಲಿನ ಪದ್ಧತಿ ಅವನು ಹೇಳಿದ್ದಿಷ್ಟು. ಒಟ್ಟು 32 ತಂಡ. ಸೆಪ್ಟೆಂಬರಿನಿಂದ ಜನವರಿಯವರೆಗೆ 18 ವಾರ. ಯಾವ ತಂಡಕ್ಕೂ ಬಿಡುವಿಲ್ಲದ ವಾರವಾದರೆ 16 ಪಂದ್ಯ. ಆಫೀಸಿನವರೆಲ್ಲ ವಾರದ ಮೊದಲ ಪಂದ್ಯಕ್ಕೆ ಮುಂಚೆ 16ಕ್ಕೂ ಗೆಲ್ಲುವವರನ್ನು ಬರೆದುಕೊಡಬೇಕು. ಬರೆದರೆ ಸಾಲದು, ಎಷ್ಟು ನಂಬಿಕೆ ಎಂಬುದನ್ನೂ ಹೇಳಬೇಕು. ಗೆದ್ದೇ ಗೆಲ್ಲುತ್ತದೆ ಎನ್ನುವ ತಂಡಕ್ಕೆ 16, ಅದಕ್ಕಿಂತ ಸ್ವಲ್ಪ ಕಡಿಮೆ ನಂಬಿಕೆಯದಕ್ಕೆ 15, ಹಾಗೇ ಇಳಿಯುತ್ತ ‘ಏನೋ ಗೊತ್ತಿಲ್ಲ, ದೇವರಿಟ್ಟಂಗೆ’ ಎನ್ನುವುದಕ್ಕೆ 1. ಊಹೆ ಸರಿಯಾದರೆ ಆ ಅಂಕ ನಿನಗೆ, ತಪ್ಪಾದರೆ ಸೊನ್ನೆ. ಒಂದು ಅಂಕಿಯನ್ನು ಒಂದೇ ಸಲ ಬಳಸಬೇಕು. ನನಗೆ ಹಿಡಿಸಿದ್ದು ಇದೇ. ಯಾರು ಗೆಲ್ಲುತ್ತಾರೆಂದು ಎಲ್ಲರೂ ಹೇಳುತ್ತಾರೆ. ನೀನು ಹೇಳಿದ ಮಾತನ್ನು ನೀನೇ ಎಷ್ಟು ನಂಬುತ್ತೀಯ ಎಂದು ಯಾರೂ ಕೇಳುವುದಿಲ್ಲ. ಟಿವಿಯಲ್ಲಿ ಕೂತ ಪಂಡಿತರನ್ನಂತೂ ಖಂಡಿತ ಕೇಳುವುದಿಲ್ಲ.

ನಮ್ಮ ಕಣ್ಣೆದುರಿಗೇ ರೇವನ್ಸ್ ಆಟಗಾರನೊಬ್ಬ ಗೆರೆ ಮುಟ್ಟಲು ಕೈಯಳತೆ ದೂರವಿರುವಾಗ ಚೆಂಡು ಕಳೆದುಕೊಂಡ. 17–10ಕ್ಕೆ ಚೀಫ್ಸ್ ಗೆದ್ದಿತು. ಅಣ್ಣ ಫೋನು ಆರಿಸಿ, “ಹೋಯ್ತು ಬುಡು” ಎಂದು ಕಂಬಳಿ ಎಳೆದುಕೊಂಡ. ಹನ್ನೆರಡು ವರ್ಷ ಅಮೆರಿಕದಲ್ಲಿದ್ದರೂ ಸೋತಾಗ ಬಂದದ್ದು ಕೊಳ್ಳೇಗಾಲದ ಮಾತು.

ಏಪ್ರಿಲ್ ಒಂದರಿಂದ ನಮ್ಮ ಬಸ್‌ ನಿಲ್ದಾಣದ ಹಿಂದಿನ ಟೀ ಅಂಗಡಿಯಲ್ಲಿ ಇದೇ ಪದ್ಧತಿಯನ್ನು ಐಪಿಎಲ್‌ಗೆ ಹೊಂದಿಸಿದೆವು. ವಾರಕ್ಕೆ ಏಳೆಂಟು ಪಂದ್ಯ, ಒಮ್ಮೊಮ್ಮೆ ಒಂಬತ್ತು. ಸೀರೆ ಅಂಗಡಿಯ ಲೆಕ್ಕ ಬರೆಯುವವರು, ಒಬ್ಬ ಬಸ್ ಕಂಡಕ್ಟರು, ಔಷಧಿ ಅಂಗಡಿಯ ಹುಡುಗ, ನಿವೃತ್ತ ಪೋಸ್ಟ್‌ಮಾಸ್ಟರು, ಅಂಗಡಿಯಣ್ಣ ಮತ್ತು ಗಣಿತದ ಮೇಷ್ಟ್ರಾದ ನಾನು. ದುಡ್ಡಿನ ಮಾತಿಲ್ಲ. ವಾರದ ಕೊನೆಗೆ ಅತಿ ಕಡಿಮೆ ಅಂಕ ಬಂದವರು ಎಲ್ಲರಿಗೂ ಟೀ ಕೊಡಿಸಬೇಕು, ಅಷ್ಟೆ. ಭಾನುವಾರ ರಾತ್ರಿ ನನ್ನ ಹಾಳೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ, ಉಳಿದವರೂ ಹಾಕುತ್ತಿದ್ದರು. ಆ ಗುಂಪಿನಲ್ಲಿ ನಮ್ಮ ಸೋದರತ್ತೆಯ ಮಗನೂ ಇದ್ದ. ಅವನದು ಮಗ್ಗದ ಕೆಲಸ, ಟೀ ಅಂಗಡಿಗೆ ಬರುವುದು ಅಪರೂಪ. ಹಾಳೆಗಳನ್ನು ನೋಡಿ ಹೆಬ್ಬೆರಳು ಒತ್ತುತ್ತಿದ್ದ. ಇದು ಮುಖ್ಯವಾದ ವಿಷಯ ಎಂದು ನನಗೆ ಆಗ ತೋಚಲಿಲ್ಲ.

ನಮ್ಮೂರಲ್ಲಿ ಐಪಿಎಲ್ ಊಹೆ ಬೇರೆ ಊರಿನಷ್ಟು ಸರಳವಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸಿಗೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಊರು. ಗಡಿ ಅಳಿಸಿ ಇಷ್ಟು ವರ್ಷವಾದರೂ ಹನೂರು, ರಾಮಾಪುರದ ಕಡೆ ತಮಿಳು ಮಾತಾಡುವ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಒಂದೇ ಬೀದಿಯಲ್ಲಿ ಅರ್ಧ ಕೆಂಪು ಅಂಗಿ, ಅರ್ಧ ಹಳದಿ ಅಂಗಿ. ನಮ್ಮ ಪೋಸ್ಟ್‌ಮಾಸ್ಟರು ಅಪ್ಪಟ ಹಳದಿ. ಚೆನ್ನೈ ಆಡುವ ದಿನ ಅವರ ಹಾಳೆ ನೋಡುವುದೇ ಬೇಡ, ದೊಡ್ಡ ಅಂಕಿ ಅಲ್ಲೇ ಇರುತ್ತಿತ್ತು.

ನಾನು ಆರ್‌ಸಿಬಿ. ಆದರೆ ನನ್ನ ದೊಡ್ಡ ಅಂಕಿಯನ್ನು ಯಾವಾಗಲೂ ಆರ್‌ಸಿಬಿಯ ಎದುರಾಳಿಗೆ ಇಡುತ್ತಿದ್ದೆ. ಗಣಿತದವನ ಬುದ್ಧಿ ಎಂದು ಎಲ್ಲರೂ ಮೆಚ್ಚಿದರು. ಒಳಗಿನ ಕಾರಣ ಬೇರೆ. ಇಷ್ಟು ವರ್ಷ ಸೋತು ಸೋತು ಸಾಕಾಗಿತ್ತು. ತಂಡ ಸೋತರೆ ಅಂಕವಾದರೂ ಬರಲಿ, ಗೆದ್ದರೆ ಅಂಕ ಹೋದರೇನು, ಸಂತೋಷ ಬಂತಲ್ಲ. ಎರಡು ಕಡೆಯೂ ಒಂದೊಂದು ಕಾಲು. ಆ ಏಪ್ರಿಲ್‌ನಲ್ಲಿ ಈ ಉಪಾಯ ಬಂಗಾರದಂತೆ ಫಲಿಸಿತು. 2ನೇ ತಾರೀಖು ಲಖನೌ, 6ಕ್ಕೆ ರಾಜಸ್ಥಾನ, 11ಕ್ಕೆ ಮುಂಬೈ, 15ಕ್ಕೆ ಹೈದರಾಬಾದ್, 21ಕ್ಕೆ ಕೋಲ್ಕತ್ತ. ಐದಕ್ಕೆ ಐದೂ ಆರ್‌ಸಿಬಿ ಸೋತಿತು. ಹದಿನೈದರಂದು ನಮ್ಮ ಚಿನ್ನಸ್ವಾಮಿಯಲ್ಲೇ ಹೈದರಾಬಾದ್ 287 ಹೊಡೆದಿತ್ತು. ಟೀಗೆ ನಾನು ದುಡ್ಡು ಕೊಡುವ ಪ್ರಸಂಗವೇ ಬರಲಿಲ್ಲ.

ಇಪ್ಪತ್ತೊಂದರ ಕೋಲ್ಕತ್ತ ಪಂದ್ಯ ಒಂದೇ ಒಂದು ರನ್ನಿನಿಂದ ಹೋಯಿತು. 222ಕ್ಕೆ 221. ಕೊನೆಯ ಓವರಿನಲ್ಲಿ ಕರ್ಣ್ ಶರ್ಮ ಮೂರು ಸಿಕ್ಸರ್ ಹೊಡೆದಾಗ ಅಂಗಡಿಯಣ್ಣ ಹಾಲು ಉಕ್ಕುವುದನ್ನೂ ಮರೆತಿದ್ದರು. ಮಾರನೆಯ ದಿನ ಯಳಂದೂರಿನ ಚಿಕ್ಕಪ್ಪನಿಗೆ ಫೋನು ಮಾಡಿ ಗೋಳಾಡಿದೆ. ಅವರು ಕ್ರಿಕೆಟ್ ನೋಡುವವರಲ್ಲ. “ಒಂದು ರನ್ನಾ? ನಾವು ಒಂದು ಓಟು ನೋಡಿದವರು ಕನಪ್ಪ” ಎಂದರು.

ಅದು ಈ ಸೀಮೆಯವರೆಲ್ಲರೂ ಬಲ್ಲ ಸಂಗತಿ. ಆಗ ಯಳಂದೂರು ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿತ್ತು. 2004ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಮತ ಎಣಿಕೆಗೆ ಮುಂಚಿನ ದಿನಗಳಲ್ಲಿ ಚಿಕ್ಕಪ್ಪನ ಗೆಳೆಯರು ಹಳ್ಳಿ ಹಳ್ಳಿಯ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆದು ಕೂಡಿ ಕಳೆದು ನೋಡಿದ್ದರಂತೆ. ಒಬ್ಬರು ಐದು ಸಾವಿರದ ಲೀಡು ಅಂದರು, ಇನ್ನೊಬ್ಬರು ಮೂರು ಸಾವಿರ ಅಂದರು. “ಇಬ್ಬರಲ್ಲಿ ಒಬ್ಬ ಗೆದ್ದವರ ಹೆಸರು ಸರಿಯಾಗೇ ಹೇಳಿದ್ದ. ಆಮೇಲೆ ನಾನು ಹೇಳ್ನಿಲ್ವಾ ಅಂತ ಮೀಸೆ ತಿರುವ್ಕೊಂಡು ತಿರುಗ್ದ. ಐದು ಸಾವಿರ ಎಲ್ಲೋಯ್ತು ಅಂತ ಯಾರೂ ಕೇಳ್ನಿಲ್ಲ” ಎಂದು ಚಿಕ್ಕಪ್ಪ ನಕ್ಕರು. ಸೋತವರ ಕಾರು ಓಡಿಸುವವನಿಗೇ ಅಂದು ಓಟು ಹಾಕಲು ಬಿಡುವಾಗಲಿಲ್ಲ ಎಂಬ ಕಥೆ ಇವತ್ತಿಗೂ ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ ಕೇಳಸಿಗುತ್ತದೆ. ಅಂದು ಒಂದು ಮತದಿಂದ ಸೋತ ಕೃಷ್ಣಮೂರ್ತಿಯವರು 19 ವರ್ಷದ ಮೇಲೆ, 2023ರಲ್ಲಿ, ಕೊಳ್ಳೇಗಾಲದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸುಮಾರು 59 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಆ ಚುನಾವಣೆಗೆ ಎರಡು ತಿಂಗಳು ಮುಂಚೆ ಧ್ರುವನಾರಾಯಣ ಅವರು ತೀರಿಕೊಂಡಿದ್ದರು. ಇದನ್ನೆಲ್ಲ ಯಾವ ನೋಟುಬುಕ್ಕಿನವರು ಬರೆದಿಟ್ಟಿದ್ದರು?

ಚಿಕ್ಕಪ್ಪನ ಮಾತು ಕೇಳಿ ನಾನು ನಕ್ಕೆ. ಹಾಳೆಯ ಒಂಬತ್ತನ್ನಂತೂ ತಿದ್ದಲಿಲ್ಲ.

ಅದೇ ವಾರ ನನಗೆ ಹನೂರು ತಾಲ್ಲೂಕಿನಲ್ಲಿ ಲೋಕಸಭಾ ಚುನಾವಣೆಯ ಕೆಲಸ ಬಿದ್ದಿತ್ತು. 25ನೇ ತಾರೀಖು ಗುರುವಾರ ಬೆಳಿಗ್ಗೆ ಹನೂರಿನಲ್ಲಿ ಮಸ್ಟರಿಂಗ್. ಮತಯಂತ್ರ, ಸೀಲು, ಅರಗು, ಶಾಯಿ, ಹತ್ತಾರು ನಮೂನೆಗಳು, ಎಲ್ಲವನ್ನೂ ಎಣಿಸಿಕೊಂಡು ಬಸ್ಸು ಹತ್ತಿ ಕಾಡಂಚಿನ ಒಂದು ಶಾಲೆ ಸೇರುವಾಗ ಸಂಜೆಯಾಗಿತ್ತು. ನೆಟ್‌ವರ್ಕ್ ಇಲ್ಲ. ಹೈದರಾಬಾದ್–ಬೆಂಗಳೂರು ಪಂದ್ಯ ಶುರುವಾಗುವ ಹೊತ್ತಿಗೆ ನಾನು ಮೇಣದಬತ್ತಿ ಹಿಡಿದು ಮತಗಟ್ಟೆಯ ಗೋಡೆಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸುತ್ತಿದ್ದೆ. ನಮ್ಮ ಜೊತೆಗಿದ್ದ ಪೊಲೀಸು ಹುಡುಗ ಫೋನನ್ನು ಎತ್ತಿ ಹಿಡಿದು ಶಾಲೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಬಂದ. “ಒಂದು ಕಡ್ಡಿನೂ ಇಲ್ಲ ಸಾರ್. ನೀವೇ ಹೇಳಿ, ಏನಾಗ್ತದ?” ಹೈದರಾಬಾದೇ ಎಂದೆ. ಒಂಬತ್ತು ಅಂಕ ಇಟ್ಟಿದ್ದೇನೆ ಎಂದೂ ವಿವರಿಸಿದೆ. ಅವನು ಸಪ್ಪಗಾಗಿ ಮಲಗಿದ.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ನಿಜವಾದ ಮತದಾನಕ್ಕೆ ಒಂದೂವರೆ ಗಂಟೆ ಮುಂಚೆ, ಪಕ್ಷಗಳ ಏಜೆಂಟರ ಎದುರಿಗೆ, ಕನಿಷ್ಠ 50 ಮತ ಒತ್ತಿ, ಎಣಿಸಿ ತೋರಿಸಿ, ಆಮೇಲೆ ಎಲ್ಲವನ್ನೂ ಅಳಿಸಬೇಕು. ಅಳಿಸಿದ್ದೇವೆ ಎಂದು ಸಹಿಯನ್ನೂ ಹಾಕಿಸಿಕೊಳ್ಳಬೇಕು. ಫಲಿತಾಂಶವನ್ನು ನೋಡಿ, ಒಪ್ಪಿ, ಸೊನ್ನೆ ಮಾಡಿ ಮತ್ತೆ ಶುರುಮಾಡುವ ಈ ಶಾಸ್ತ್ರ ನನಗೆ ಯಾವಾಗಲೂ ಚೆಂದ ಕಾಣುತ್ತದೆ. ನಮ್ಮ ಮತಗಟ್ಟೆಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಅದೇ ತಾಲ್ಲೂಕಿನ ಇಂಡಿಗನತ್ತದಲ್ಲಿ ಮಾತ್ರ ಸೌಲಭ್ಯಗಳಿಲ್ಲವೆಂದು ಮತದಾನ ಬಹಿಷ್ಕರಿಸಿದ್ದ ಊರಿನಲ್ಲಿ ಗಲಾಟೆಯಾಗಿ ಮತಗಟ್ಟೆ ಧ್ವಂಸವಾಯಿತು, 29ಕ್ಕೆ ಮರುಮತದಾನ ಇಡಬೇಕಾಯಿತು. ನಮಗೆ ಅದೆಲ್ಲ ತಿಳಿದದ್ದು ಹನೂರಿಗೆ ಬಂದು ಯಂತ್ರ ಒಪ್ಪಿಸುವಾಗ, ರಾತ್ರಿ ಹನ್ನೊಂದು ದಾಟಿದ ಮೇಲೆ. ಅಲ್ಲೇ ಫೋನಿಗೆ ಜೀವ ಬಂತು. ಪೊಲೀಸು ಹುಡುಗ ಓಡಿಬಂದು, “ಸಾರ್, ನಿಮ್ಮ ಒಂಬತ್ತು ಮಗುಚ್ಕೊಂಡದ!” ಎಂದು ಕುಣಿದ. ಆರ್‌ಸಿಬಿ 206, ಹೈದರಾಬಾದ್ 171. ನನ್ನ ಎಂಟೂ ಮಗುಚಿತ್ತು. ಕೋಲ್ಕತ್ತದ ಮೇಲೆ ಎಂಟಿಟ್ಟಿದ್ದೆ. ಆ ರಾತ್ರಿ ಕೋಲ್ಕತ್ತ ಹೊಡೆದ 261 ರನ್ನನ್ನು ಪಂಜಾಬ್ ಎರಡೇ ವಿಕೆಟ್ ಕಳೆದುಕೊಂಡು, ಎಂಟು ಚೆಂಡು ಉಳಿಸಿ ದಾಟಿಬಿಟ್ಟಿತ್ತು. ಟಿ20ಯಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಅದಕ್ಕೆ ಮುಂಚೆ ಯಾರೂ ಬೆನ್ನಟ್ಟಿ ಗೆದ್ದಿರಲಿಲ್ಲ.

ಆ ವಾರ ನನ್ನ ಒಂಬತ್ತು ಊಹೆಯಲ್ಲಿ ಸರಿಯಾದದ್ದು ನಾಲ್ಕು. 45ಕ್ಕೆ 14 ಅಂಕ. ಟೀ ನನ್ನದೇ. ಸುಮ್ಮನೆ ಕೂತು ಇನ್ನೊಂದು ಲೆಕ್ಕ ಹಾಕಿದೆ. ಏನೂ ಯೋಚಿಸದೆ ‘ಆಯಾ ಊರಿನ ತಂಡವೇ ಗೆಲ್ಲುತ್ತದೆ’ ಎಂದು ಬರೆದಿದ್ದರೂ ನಾಲ್ಕೇ ಸರಿಯಾಗುತ್ತಿತ್ತು. ನಾಣ್ಯ ಚಿಮ್ಮಿದ್ದರೆ ನಾಲ್ಕೋ ಐದೋ. ಹಾಗಂತ ನನ್ನ ಕಾರಣಗಳು ತಪ್ಪಿದ್ದವೇ? ಹತ್ತು ದಿನದ ಹಿಂದೆ 287 ಹೊಡೆದ ತಂಡ, ತನ್ನೂರಿನಲ್ಲಿ, ಎಂಟರಲ್ಲಿ ಏಳು ಸೋತ ತಂಡದ ಎದುರು. ಇವತ್ತು ಕೇಳಿದರೂ ಹೈದರಾಬಾದೇ ಎನ್ನುತ್ತೇನೆ. ಅಮೆರಿಕದ ಆಟದಲ್ಲಿ ಬಲಿಷ್ಠ ಎನಿಸಿಕೊಂಡವರು ಸುಮಾರು ಮೂರರಲ್ಲಿ ಎರಡು ಸಲ ಗೆಲ್ಲುತ್ತಾರೆಂದು ಅಣ್ಣ ಹೇಳಿದ್ದ. ಇಲ್ಲಿ ಅಷ್ಟೂ ಇಲ್ಲ. ಹತ್ತೂ ತಂಡಕ್ಕೆ ಹರಾಜಿನಲ್ಲಿ ಒಂದೇ ಮೊತ್ತದ ದುಡ್ಡು, ಇಪ್ಪತ್ತೇ ಓವರು, ರಾತ್ರಿಯ ಇಬ್ಬನಿ, ಟಾಸು, ಮಧ್ಯದಲ್ಲಿ ಬದಲಿಸಿಕೊಳ್ಳುವ ಹನ್ನೆರಡನೆಯವನು. ಸ್ವಪ್ನಿಲ್ ಸಿಂಗ್ ಎಂಬಾತ ಆರ್‌ಸಿಬಿ ಪರ ಹಾಕಿದ ಮೊದಲ ಓವರಿನಲ್ಲೇ ಮಾರ್ಕ್ರಮ್, ಕ್ಲಾಸೆನ್ ಇಬ್ಬರನ್ನೂ ಕಳಿಸುತ್ತಾನೆಂದು ಯಾವ ಹಾಳೆಯಲ್ಲಿ ಬರೆಯಲಿ?

ಇಲ್ಲಿಂದ ಮುಂದೆ ನಾನು ಮಾಡಿದ್ದನ್ನು ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು. ದೊಡ್ಡ ಅಂಕಿಯನ್ನು ಎದುರಾಳಿಗಿಟ್ಟ ದಿನ ಆರ್‌ಸಿಬಿ ಗೆದ್ದಿತಲ್ಲ, ಹಾಗಾದರೆ ಇನ್ನು ಬಿಡುವುದು ಬೇಡ ಎನಿಸಿತು. ಪ್ರತಿ ವಾರವೂ ಅತಿ ದೊಡ್ಡ ಅಂಕಿ ಆರ್‌ಸಿಬಿ ಎದುರಿನವರಿಗೇ. ಆಮೇಲಿನ ವಾರಗಳಲ್ಲಿ ಎಂಟೆಂಟೇ ಪಂದ್ಯವಾದ್ದರಿಂದ ಅದು ಎಂಟು. ಹರಕೆಯ ಹಾಗೆ. ಒಂದೇ ಜಾಗದಲ್ಲಿ ಕೂತು, ಒಂದೇ ಅಂಗಿ ಹಾಕಿಕೊಂಡು ಪಂದ್ಯ ನೋಡುವವರನ್ನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದವನು ನಾನೇ. ಟೀ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಾಗಿ ಹೋಗಿತ್ತು. “ಮೇಷ್ಟ್ರು ಎಂಟು ಅಂಕ ಕಾಣಿಕೆ ಹಾಕ್ಬುಟ್ರು, ಇನ್ನು ಗೆದ್ದಂಗೇ” ಎಂದು ಕಂಡಕ್ಟರು ನಗುತ್ತಿದ್ದರು. ಗುಜರಾತನ್ನು ಏಪ್ರಿಲ್ 28ಕ್ಕೆ ಒಮ್ಮೆ, ಮೇ 4ಕ್ಕೆ ಇನ್ನೊಮ್ಮೆ, 9ಕ್ಕೆ ಪಂಜಾಬನ್ನು, 12ಕ್ಕೆ ಡೆಲ್ಲಿಯನ್ನು ಆರ್‌ಸಿಬಿ ಸೋಲಿಸಿತು. ನಾನು ವಾರವಾರವೂ ಟೀ ಕೊಡಿಸಿದೆ. ಅಷ್ಟು ಖುಷಿಯಿಂದ ಯಾವತ್ತೂ ದುಡ್ಡು ಕೊಟ್ಟವನಲ್ಲ.

ವಾಟ್ಸಾಪಿನ ಫೋಟೋದಲ್ಲಿ ಮಾತ್ರ ಹರಕೆ ಎಂದು ಬರೆದಿರಲಿಲ್ಲ. ಅಲ್ಲಿ ಬರಿಯ ಅಂಕಿ ಇತ್ತು.

ಮೇ 18, ಶನಿವಾರ. ಬೆಂಗಳೂರಿನಲ್ಲಿ ಚೆನ್ನೈ ಎದುರು. ಬರೀ ಗೆದ್ದರೆ ಸಾಲದು, 18 ರನ್ನಿನಿಂದಲಾದರೂ ಗೆಲ್ಲಬೇಕಿತ್ತು. ಆರ್‌ಸಿಬಿ 218 ಹೊಡೆಯಿತು. ಕೊನೆಯ ಓವರಿನಲ್ಲಿ ಚೆನ್ನೈಗೆ 17 ಬಂದರೆ ಸೋತರೂ ಅವರೇ ಮುಂದೆ ಹೋಗುವಂತಿತ್ತು. ಯಶ್ ದಯಾಳ್ ಹಾಕಿದ ಮೊದಲ ಚೆಂಡನ್ನು ಧೋನಿ ಕ್ರೀಡಾಂಗಣದ ಆಚೆಗೇ ಎತ್ತಿ ಒಗೆದರು. ಪೋಸ್ಟ್‌ಮಾಸ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಎರಡನೆಯ ಚೆಂಡಿಗೆ ಧೋನಿ ಔಟು. ಪೋಸ್ಟ್‌ಮಾಸ್ಟರು ನಿಂತೇ ಇದ್ದರು, ಕೂರುವುದನ್ನು ಮರೆತು. 27 ರನ್ನಿನ ಗೆಲುವು. ಎಂಟರಲ್ಲಿ ಏಳು ಸೋತು ತಳದಲ್ಲಿ ಬಿದ್ದಿದ್ದ ತಂಡ ಒಂದರ ಹಿಂದೊಂದು ಆರು ಗೆದ್ದು ಮುಂದಕ್ಕೆ ಹೋಯಿತು. ಪಟಾಕಿ ಸದ್ದು ಮರಡಿಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಅತ್ತೆಯ ಫೋನು. “ಎರಡು ದಿನದಿಂದ ಮಗ್ಗದ ಸದ್ದೇ ಇಲ್ಲ ಕನಪ್ಪ. ಊಟನೂ ಮಾಡ್ತಾ ಇಲ್ಲ. ಒಸಿ ಬಂದು ಮಾತಾಡ್ಸು.” ಹೋದೆ. ಅತ್ತೆ ಮಗ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮಗ್ಗದ ಮೇಲೆ ಹಾಸು ಇರಲಿಲ್ಲ. ಮದುವೆ ಸೀರೆಯೊಂದಕ್ಕೆ ಮುಂಗಡ ಬಂದಿದೆ, ರೇಷ್ಮೆ ಜರಿ ತರಬೇಕು ಎಂದು ತಿಂಗಳ ಹಿಂದೆ ಅವನೇ ಹೇಳಿದ್ದು ನೆನಪಾಯಿತು.

“ಏನಾಯ್ತೋ?”

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನು ತೆಗೆದು ಕೈಗೆ ಕೊಟ್ಟ. ಬಾಜಿ ಕಟ್ಟುವ ಯಾವುದೋ ಆ್ಯಪ್. ಅದರಲ್ಲಿ ಲೆಕ್ಕ ಅಚ್ಚುಕಟ್ಟಾಗಿತ್ತು. ಏಪ್ರಿಲ್‌ನಲ್ಲಿ ಆರ್‌ಸಿಬಿ ಸೋತ ಐದು ಪಂದ್ಯದಲ್ಲಿ ಅವನಿಗೆ 14 ಸಾವಿರ ಬಂದಿತ್ತು. ಏಪ್ರಿಲ್ 25ರಿಂದ ಹೋಗತೊಡಗಿತ್ತು. ಎರಡು ಸಾವಿರ, ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು. ಮೇ 18ಕ್ಕೆ ನಲವತ್ತು. ಒಟ್ಟು 86 ಸಾವಿರ. ಹೋದದ್ದನ್ನು ಒಂದೇ ಸಲಕ್ಕೆ ಎತ್ತಿಬಿಡುವ ಆಸೆಗೆ ಕಂತು ಏರಿಸುತ್ತ ಹೋಗುವುದು. ಇದನ್ನು ನಾನು ಶ್ರೇಢಿಗಳ ಪಾಠ ಮಾಡುವಾಗ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ.

“ಯಾವನಾದ್ರೂ ಟಿಪ್ಸ್ ಕೊಡೋನ ಗುಂಪಿಗೆ ಸೇರ್ಕೊಂಡಿದ್ಯಾ?” ಎಂದು ಗದರಿದೆ.

“ಅಷ್ಟು ದಡ್ಡನಾ ನಾನು? ಅವೆಲ್ಲ ಮೋಸ ಅಂತ ನೀನೇ ಹೇಳಿದ್ದೆ.”

ಹೇಳಿದ್ದೆ, ನಿಜ. ಯುಗಾದಿ ಹಬ್ಬದ ದಿನ ಅವನು ಟೀ ಅಂಗಡಿಗೆ ಬಂದಿದ್ದ ಒಂದೇ ಒಂದು ಸಲ. ಅಂಥ ಗುಂಪಿನವರ ಉಪಾಯ ಹೀಗಿರುತ್ತದೆ. 512 ಜನರ ಫೋನ್ ನಂಬರು ಹಿಡಿದುಕೊಳ್ಳುತ್ತಾರೆ. ಮೊದಲ ಪಂದ್ಯಕ್ಕೆ 256 ಜನಕ್ಕೆ ಈ ತಂಡ ಗೆಲ್ಲುತ್ತದೆ, ಉಳಿದ 256 ಜನಕ್ಕೆ ಆ ತಂಡ ಗೆಲ್ಲುತ್ತದೆ ಎಂದು ಕಳಿಸುತ್ತಾರೆ. ಸರಿಯಾದ ಅರ್ಧವನ್ನು ಇಟ್ಟುಕೊಂಡು ಮತ್ತೆ ಎರಡು ಪಾಲು. ಒಂಬತ್ತು ಪಂದ್ಯ ಕಳೆಯುವ ಹೊತ್ತಿಗೆ ಒಬ್ಬನೇ ಒಬ್ಬ ಉಳಿದಿರುತ್ತಾನೆ. ಅವನಿಗೆ ಒಂಬತ್ತಕ್ಕೆ ಒಂಬತ್ತೂ ಸರಿಯಾಗಿ ಬಂದಿರುತ್ತದೆ. ಹತ್ತನೆಯ ಊಹೆಗೆ ಅವನು ಎಷ್ಟು ಕೇಳಿದರೂ ಕೊಡುತ್ತಾನೆ, ಉಳಿದ 511 ಜನ ಇದ್ದರೆಂಬುದೇ ಅವನಿಗೆ ಗೊತ್ತಿರುವುದಿಲ್ಲ. ನಾನು ಇದನ್ನು ಸಕ್ಕರೆ ಪೊಟ್ಟಣದ ಕಾಗದದ ಮೇಲೆ ಬರೆದು ತೋರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ.

“ಮತ್ತೆ ಯಾರನ್ನ ನಂಬಿ ಕಟ್ದೆ?”

ಅವನು ಫೋನನ್ನು ತಿರುಗಿ ಇಸಿದುಕೊಂಡು ಗುಂಪಿನ ಫೋಟೋ ತೆರೆದು ತೋರಿಸಿದ. ನನ್ನ ಹಾಳೆ. ದಪ್ಪ ಮಾಡಿದ ಒಂಬತ್ತು.

“ನೀನು ಮೇಷ್ಟ್ರು ಅಲ್ವ ಬಾವ. ನೀನೇನು ದುಡ್ಡಿಗೋಸ್ಕರ ಬರೀತಿಯಾ? ನಿನಗೆ ಆರ್‌ಸಿಬಿ ಅಂದ್ರೆ ಪ್ರಾಣ. ಅಂಥವ್ನೇ ಎದುರಿಗೆ ಒಂಬತ್ತು ಇಟ್ಟವ್ನೆ ಅಂದ್ರೆ ಲೆಕ್ಕ ಹಾಕೇ ಇಟ್ಟಿರ್ತಾನೆ ಅಂದ್ಕೊಂಡೆ. ಮೊದಲು ಸರಿಯಾಗೇ ಬಂತಲ್ಲ. ಆಮೇಲೂ ನೀನು ಬದಲಾಯಿಸ್ನಿಲ್ಲ. ಮೇಷ್ಟ್ರೇ ಗಟ್ಟಿಯಾಗಿ ನಿಂತವ್ರೆ, ನಾನ್ಯಾಕೆ ಹೆದರ್ಲಿ ಅಂತ...”

ನಾನು ಹರಕೆ ಎಂದುಕೊಂಡು ಬರೆದದ್ದನ್ನು ಅವನು ಲೆಕ್ಕ ಎಂದು ಓದಿದ್ದ. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ. ಆವತ್ತು ಹೇಳಲೂ ಇಲ್ಲ.

ಹೊರಗೆ ಬಂದರೆ ಅತ್ತೆ ಕಾಫಿ ಹಿಡಿದು ನಿಂತಿದ್ದರು. ಏನಂತೆ ಎಂದು ಕಣ್ಣಲ್ಲೇ ಕೇಳಿದರು. ಬೆನ್ನು ನೋವಂತೆ ಎಂದೆ.

ಆ ರಾತ್ರಿ ನನ್ನ ಜೊತೆ ನಾನೇ ಬಹಳ ಜಗಳವಾಡಿದೆ. ನಾನು ಬಾಜಿ ಕಟ್ಟು ಎಂದಿದ್ದೆನೇ? ಇಲ್ಲ. ಮೂವತ್ತೆರಡು ವರ್ಷದ ಗಂಡಸು, ತನ್ನ ದುಡ್ಡು, ತನ್ನ ಬೆರಳು. ಬೇರೆಯವರ ಮುಂಗಡವನ್ನು ಮುಟ್ಟಬಾರದೆಂದು ಮೇಷ್ಟ್ರು ಹೇಳಿಕೊಡಬೇಕೇ? ತಪ್ಪು ಅವನದೇ. ಇದು ನಿಜವೇ. ಆದರೆ ಏಪ್ರಿಲ್‌ನ ಆ ಮೂರು ವಾರ ಎಲ್ಲರೂ ‘ಮೇಷ್ಟ್ರ ತಲೆ’ ಎಂದು ಹೊಗಳುವಾಗ, ಇದು ತಲೆಯಲ್ಲ, ಸೋಲಿನ ಭಯ ಎಂದು ನಾನು ಯಾರಿಗೂ ಹೇಳಿರಲಿಲ್ಲವಲ್ಲ. ಹೊಗಳಿಕೆಯನ್ನು ಟೀ ಜೊತೆ ಕುಡಿದುಕೊಂಡಿದ್ದೆ. ಅಮೆರಿಕದವರ ಆ ಅಂಕ ನಂಬಿಕೆಯನ್ನು ಅಳೆಯಲೆಂದು ಮಾಡಿದ್ದು. ನನ್ನ ಹಾಳೆಯಲ್ಲಿ ಅದು ಒಂದು ವಾರವೂ ನಂಬಿಕೆಯನ್ನು ಅಳೆದಿರಲಿಲ್ಲ. ಮೊದಲು ಹೆದರಿಕೆಯನ್ನು, ಆಮೇಲೆ ಆಸೆಯನ್ನು ಅಳೆದಿತ್ತು. ಪೋಸ್ಟ್‌ಮಾಸ್ಟರು ಪ್ರೀತಿಯಿಂದ ಚೆನ್ನೈ ಎಂದು ಬರೆಯುತ್ತಿದ್ದರು, ಅದು ಪ್ರೀತಿಯೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಅವರ ಹಾಳೆ ನೋಡಿ ಯಾರೂ ನಲವತ್ತು ಸಾವಿರ ಕಟ್ಟುತ್ತಿರಲಿಲ್ಲ.

ಮೇ 22ಕ್ಕೆ ಆರ್‌ಸಿಬಿ ರಾಜಸ್ಥಾನದ ಎದುರು ಸೋತು ಹೊರಬಿದ್ದಿತು. ಆ ವಾರ ನಾನು ಹಾಳೆಯನ್ನೇ ಹಾಕಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಮೌಲ್ಯಮಾಪನದ ಕೆಲಸ ಎಂದೆ. ಜೂನ್ ಒಂದರ ಸಂಜೆ ಟಿವಿಯ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹುಪಾಲು ಎನ್‌ಡಿಎಗೆ 350 ದಾಟುತ್ತದೆ ಎಂದವು, ನಾಲ್ಕರಂದು ಬಂದದ್ದು 293. ಅಂಗಡಿಯಲ್ಲಿ ಎಲ್ಲರೂ ಸಮೀಕ್ಷೆಯವರನ್ನು ಬೈಯುತ್ತಿದ್ದರು. ನಾನು ಸುಮ್ಮನೆ ಕೂತಿದ್ದೆ.

ಅತ್ತೆ ಮಗನಿಗೆ ನನ್ನ ಉಳಿತಾಯದಿಂದ 45 ಸಾವಿರ ಕೊಟ್ಟೆ. ರೇಷ್ಮೆ ಬಂತು, ಹಾಸು ಏರಿತು, ಶ್ರಾವಣದ ಹೊತ್ತಿಗೆ ಮದುವೆ ಸೀರೆ ಮುಗಿಯಿತು. ಅರೆದ ಗಂಧದ ಬಣ್ಣ, ಅಂಚಿಗೆ ಕಡು ಹಸಿರು. ಕೊಡುವ ಮುಂಚೆ ಒಂದು ದಿನ ನನ್ನನ್ನು ಕರೆದು ಬಿಡಿಸಿ ತೋರಿಸಿದ. ಆವತ್ತು ಹರಕೆಯ ವಿಷಯ ಹೇಳಿದೆ. ಅವನು ಸೀರೆ ಮಡಚುತ್ತಲೇ ಕೇಳಿಸಿಕೊಂಡ. ಮಡಚಿ ಮುಗಿಸಿ, “ಅಷ್ಟು ದುಡ್ಡಲ್ಲಿ ಮಾದಪ್ಪನಿಗೆ ಬೆಳ್ಳಿ ರಥ ಎಳೆಸಬೋದಿತ್ತು ಬಾವ” ಎಂದ. ನಕ್ಕನೋ ಬೈದನೋ ಗೊತ್ತಾಗಲಿಲ್ಲ. ಸಾಲ ಕಂತು ಕಂತಾಗಿ ತೀರಿಸುತ್ತಿದ್ದಾನೆ. ಫೋನಿನಿಂದ ಆ ಆ್ಯಪ್ ತೆಗೆದಿದ್ದಾನೆ ಎಂದು ಅವನು ಹೇಳುತ್ತಾನೆ. ನಾನು ಅವನ ಫೋನು ಕೇಳಿ ನೋಡಿಲ್ಲ.

ಟೀ ಅಂಗಡಿಯ ಆಟ 2025ರಲ್ಲೂ ನಡೆಯಿತು, ನಾನಿಲ್ಲದೆ. ಕಂಡಕ್ಟರು ಸತತ ನಾಲ್ಕು ವಾರ ಮೊದಲಿದ್ದರಂತೆ. ನ್ಯೂಜೆರ್ಸಿಯ ಅಣ್ಣ ಈಗಲೂ ಸೆಪ್ಟೆಂಬರ್ ಬಂದರೆ ತನ್ನ 16 ಪಂದ್ಯದ ಪಟ್ಟಿ ಕಳಿಸುತ್ತಾನೆ, ನೋಡಿ ಹೆಬ್ಬೆರಳು ಒತ್ತುತ್ತೇನೆ.

ಜೂನ್ 3ರ ಫೈನಲ್ಲಿಗೆ ಅತ್ತೆ ಮನೆಯವರೆಲ್ಲ ನಮ್ಮಲ್ಲಿಗೇ ಬಂದಿದ್ದರು. ಅಹಮದಾಬಾದಿನಲ್ಲಿ ಪಂಜಾಬ್ ಎದುರು. ಆರ್‌ಸಿಬಿ 190ಕ್ಕೆ ನಿಂತಿತ್ತು. ಊಟದ ತಟ್ಟೆಗಳು ಅಲ್ಲಲ್ಲೇ ಒಣಗುತ್ತಿದ್ದವು. ಅತ್ತೆಗೆ ಕ್ರಿಕೆಟ್ ಗೊತ್ತಿಲ್ಲ, ಎಲ್ಲರೂ ನೋಡುತ್ತಾರೆಂದು ಕೂತಿದ್ದರು. ಪಂಜಾಬಿನವರು ಬ್ಯಾಟು ಹಿಡಿದು ಬರುವಾಗ ನನ್ನ ಕಡೆ ತಿರುಗಿ, “ನೀನು ಲೆಕ್ಕದ ಮೇಷ್ಟ್ರು, ಹೇಳಪ್ಪ. ಈಗ ಯಾರು ಗೆಲ್ತರ?” ಎಂದರು.

ಅತ್ತೆ ಮಗ ಟಿವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. “ಸದ್ಯಕ್ಕೆ ಮಜ್ಜಿಗೆ ಬಡ್ಸಿ ಅತ್ತೆ” ಎಂದೆ.